ಹಿಮ್ಮುಖ ಚಾಲನೆ: ಒಂದು ಅಭ್ಯಾಸ ಪಾಠ

ಕನ್ನಡ ನುಡಿಯಲ್ಲಿ ಹಿಂದೆ ಸರಿಯುವುದಕ್ಕೆ ಮರ್ಯಾದೆ ಕಡಿಮೆ. ಇಟ್ಟ ಹೆಜ್ಜೆಯನ್ನು ಹಿಂದಿಡದಿರುವುದು ವೀರನ ಲಕ್ಷಣ, ಹಿಮ್ಮೆಟ್ಟಿದವನು ಹೇಡಿ, ಹಿಂಜರಿದವನು ಅಳುಕಿನವನು. ಆದರೆ ಮೋಟಾರು ವಾಹನವನ್ನು ನಡೆಸಲು ಕಲಿಯುವವನು ಈ ನೀತಿಯನ್ನು ತುಸು ಬದಿಗಿಡಬೇಕಾಗುತ್ತದೆ. ಮುಂದಕ್ಕೆ ಓಡಿಸುವುದನ್ನು ಕೆಲವೇ ದಿನಗಳಲ್ಲಿ ಕಲಿತವನು ಕೂಡ ಇಕ್ಕಟ್ಟಾದ ಓಣಿಯಿಂದ ವಾಹನವನ್ನು ಹಿಂದಕ್ಕೆ ತರುವಾಗ ಬೆವರುತ್ತಾನೆ. ಚಾಲಕನ ತಾಳ್ಮೆ, ಅವಲೋಕನ ಹಾಗೂ ಹತೋಟಿ ಮೂರೂ ಒಟ್ಟಿಗೆ ಪರೀಕ್ಷೆಗೊಳಗಾಗುವುದು ಹಿಮ್ಮುಖ ಚಾಲನೆಯಲ್ಲಿಯೇ.

ಬೀದರ ಜಿಲ್ಲೆಯ ಗಡಿಭಾಗಕ್ಕೆ ಮೋಟಾರು ವಾಹನ ಹೊಸದೇನಲ್ಲ. ಈ ಪ್ರದೇಶವು ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ೧೯೩೨ರಲ್ಲಿಯೇ, ಸಂಸ್ಥಾನದ ರೈಲ್ವೆಯು ಸಾರ್ವಜನಿಕ ಬಸ್ ಸಂಚಾರವನ್ನು ಆರಂಭಿಸಿತ್ತು. ಆದರೂ ಬಹುಕಾಲ ಹಳ್ಳಿಗರಿಗೆ ಮೋಟಾರೆಂದರೆ ಹತ್ತಿ ಕುಳಿತುಕೊಳ್ಳುವ ವಸ್ತುವೇ ಹೊರತು ತಾವೇ ನಡೆಸುವ ವಸ್ತುವಾಗಿರಲಿಲ್ಲ. ಇಂದು ಆ ಸ್ಥಿತಿ ಬದಲಾಗಿದೆ. ಔರಾದ ಸೀಮೆಯ ಎಕಂಬಾದಂತಹ ಊರುಗಳಲ್ಲಿಯೂ ಮನೆಯ ಮುಂದೆ ಟ್ರ್ಯಾಕ್ಟರು, ಜೀಪು, ಕಾರುಗಳು ನಿಲ್ಲುತ್ತವೆ. ವಾಹನಗಳು ಬಂದವು, ಓಣಿಗಳು ಮಾತ್ರ ಎತ್ತಿನ ಬಂಡಿಯ ಅಳತೆಯಲ್ಲಿಯೇ ಉಳಿದವು. ಬೀದರಿನ ಹಳೆಯ ಪಟ್ಟಣದಲ್ಲಿ ಚೌಬಾರಾದ ಸುತ್ತಮುತ್ತಲಿನ ಬೀದಿಗಳೂ, ಕೋಟೆಯ ಕಾಲದ ದರ್ವಾಜಾಗಳೂ ಕುದುರೆ ಪಲ್ಲಕ್ಕಿಗಳಿಗಾಗಿ ನಿರ್ಮಾಣವಾದವು. ಎದುರಿಗೊಂದು ವಾಹನ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕು. ಆದ್ದರಿಂದ ಈ ವಿದ್ಯೆಯು ಇಲ್ಲಿಯ ಚಾಲಕನಿಗೆ ನಿತ್ಯದ ಅವಶ್ಯಕತೆಯಾಗಿದೆ.

ಯಂತ್ರದ ಮರ್ಮ

೧೮೮೬ರ ಜನವರಿ ೨೯ರಂದು ಜರ್ಮನಿಯ ಕಾರ್ಲ್ ಬೆಂಜ್ ಎಂಬ ಯಂತ್ರಶಿಲ್ಪಿಯು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಹಕ್ಕುಪತ್ರ ಕೋರಿ ಅರ್ಜಿ ಸಲ್ಲಿಸಿದನು. ಆ ಗಾಡಿಗೆ ಹಿಂದಕ್ಕೆ ಚಲಿಸುವ ಸಾಮರ್ಥ್ಯವೇ ಇರಲಿಲ್ಲ. ಹಿಂದೆ ಸರಿಸಬೇಕಾದರೆ ಮನುಷ್ಯರು ತಳ್ಳಬೇಕಾಗಿತ್ತು. ಎಂಜಿನ್ನು ಸದಾ ಒಂದೇ ದಿಕ್ಕಿನಲ್ಲಿ ಸುತ್ತುವುದೇ ಇದಕ್ಕೆ ಕಾರಣ. ಈ ತೊಡಕನ್ನು ಮುಂದಿನ ಯಂತ್ರಜ್ಞರು ಸರಳ ಉಪಾಯದಿಂದ ಪರಿಹರಿಸಿದರು. ಒಂದಕ್ಕೊಂದು ಕಚ್ಚಿಕೊಂಡ ಎರಡು ಹಲ್ಲುಗಾಲಿಗಳು ವಿರುದ್ಧ ದಿಕ್ಕುಗಳಲ್ಲಿ ಸುತ್ತುತ್ತವೆ; ನಡುವೆ ಮೂರನೆಯದೊಂದನ್ನು ಸೇರಿಸಿದರೆ ಕೊನೆಯದರ ದಿಕ್ಕು ಬದಲಾಗುತ್ತದೆ. ಗೇರು ಪೆಟ್ಟಿಗೆಯೊಳಗಿನ ಈ ಮೂರನೆಯ ಗಾಲಿಯೇ ವಾಹನವನ್ನು ಹಿಂದಕ್ಕೆ ಒಯ್ಯುವುದು. ಅನೇಕ ಕಾರುಗಳಲ್ಲಿ ಇದರ ಹಲ್ಲುಗಳು ನೇರವಾಗಿ ಕತ್ತರಿಸಲ್ಪಟ್ಟಿರುವುದರಿಂದ ಹಿಂದೆ ಬರುವಾಗ ಒಂದು ವಿಶಿಷ್ಟ ಕೊರಗುವ ಸದ್ದು ಕೇಳಿಬರುತ್ತದೆ. ವಾಹನವು ಪೂರ್ಣವಾಗಿ ನಿಂತ ಮೇಲೆಯೇ ಹಿಂಬದಿ ಗೇರನ್ನು ಹಾಕತಕ್ಕದ್ದು. ಚಲಿಸುತ್ತಿರುವಾಗ ಹಾಕಲು ಯತ್ನಿಸಿದರೆ ಹಲ್ಲುಗಳು ಉಜ್ಜಿ ಸವೆಯುತ್ತವೆ.

ಎರಡನೆಯ ಮರ್ಮವು ಸ್ಟಿಯರಿಂಗಿಗೆ ಸಂಬಂಧಿಸಿದ್ದು. ಕಾರಿನಲ್ಲಿ ದಿಕ್ಕು ಬದಲಿಸುವವು ಮುಂದಿನ ಚಕ್ರಗಳು. ಮುಂದಕ್ಕೆ ಹೋಗುವಾಗ ಅವು ದಾರಿ ತೋರುತ್ತವೆ, ಹಿಂದಿನವು ಅನುಸರಿಸುತ್ತವೆ. ಹಿಂದಕ್ಕೆ ಬರುವಾಗ ಹಿಂದಿನ ಚಕ್ರಗಳು ಮುಂಚೂಣಿಯಲ್ಲಿರುತ್ತವೆ. ದಿಕ್ಕು ಬದಲಿಸುವ ಚಕ್ರಗಳು ಕೊನೆಯಲ್ಲಿರುತ್ತವೆ. ಕಲಿಯುವವರನ್ನು ಗೊಂದಲಕ್ಕೀಡುಮಾಡುವ ಪ್ರಶ್ನೆಯೆಂದರೆ, ಚಕ್ರವನ್ನು ಯಾವ ಕಡೆಗೆ ತಿರುಗಿಸಬೇಕು ಎಂಬುದು. ಉತ್ತರ ಸುಲಭವಾದುದು: ವಾಹನದ ಹಿಂಭಾಗ ಯಾವ ಕಡೆಗೆ ಹೋಗಬೇಕೋ ಆ ಕಡೆಗೇ ಸ್ಟಿಯರಿಂಗನ್ನು ತಿರುಗಿಸಬೇಕು. ಬಲಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ, ಎಡಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ. ಆದರೆ ಇದರ ಜೊತೆಯಲ್ಲಿಯೇ ವಾಹನದ ಮೂತಿಯು ವಿರುದ್ಧ ದಿಕ್ಕಿಗೆ ಅಗಲವಾಗಿ ಬೀಸುತ್ತದೆ ಎಂಬುದನ್ನು ಮರೆಯಬಾರದು. ಹಿಂದೆ ನೋಡುತ್ತ ಕುಳಿತ ಹೊಸ ಚಾಲಕನು ಮುಂದಿನ ಮೂಲೆಯನ್ನು ಗೋಡೆಗೋ, ನಿಂತ ಸೈಕಲ್ಲಿಗೋ ತಾಗಿಸುವುದು ಈ ಬೀಸನ್ನು ಮರೆತಾಗಲೇ.

ಕಣ್ಣಿಗೆ ಕಾಣದ ನೆಲ

ಹಿಮ್ಮುಖ ಚಾಲನೆಯ ನಿಜವಾದ ಅಪಾಯವಿರುವುದು ಚಾಲಕನ ದೃಷ್ಟಿಯ ಮಿತಿಯಲ್ಲಿ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಪಾಠವನ್ನು ಬಲ್ಲ ಯಾವ ವಿದ್ಯಾರ್ಥಿಯಾದರೂ ಇದನ್ನು ಲೆಕ್ಕ ಹಾಕಿ ತಿಳಿಯಬಹುದು. ಚಾಲಕನ ಕಣ್ಣು ನೆಲದಿಂದ ೧.೨ ಮೀಟರ್ ಎತ್ತರದಲ್ಲಿದೆಯೆಂದೂ, ಹಿಂಬದಿ ಗಾಜಿನ ಕೆಳ ಅಂಚು ೧ ಮೀಟರ್ ಎತ್ತರದಲ್ಲಿದೆಯೆಂದೂ, ಇವೆರಡರ ನಡುವೆ ೨.೨ ಮೀಟರ್ ಅಂತರವಿದೆಯೆಂದೂ ಭಾವಿಸೋಣ. ದೃಷ್ಟಿರೇಖೆಯು ಪ್ರತಿ ೨.೨ ಮೀಟರಿಗೆ ೨೦ ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಹೀಗಾಗಿ ಅದು ನೆಲವನ್ನು ಮುಟ್ಟುವುದು ಗಾಜಿನಿಂದ ೧೧ ಮೀಟರ್ ಹಿಂದೆ. ೮೦ ಸೆಂಟಿಮೀಟರ್ ಎತ್ತರದ ಮಗುವೊಂದು ಗಾಜಿನಿಂದ ೨.೨ ಮೀಟರಿನೊಳಗೆ ನಿಂತಿದ್ದರೆ ಅದರ ತಲೆಯ ತುದಿಯೂ ಕಾಣದು. ಅದೇ ಮಗು ಗೋಲಿಯಾಡುತ್ತ ಕುಳಿತು ಅರ್ಧ ಮೀಟರ್ ಎತ್ತರವಾಗಿದ್ದರೆ ೫.೫ ಮೀಟರ್ ದೂರದವರೆಗೂ ಅಗೋಚರ. ಒಂದು ಸಣ್ಣ ಕಾರಿನ ಉದ್ದವೇ ಸುಮಾರು ೪ ಮೀಟರ್ ಎಂಬುದನ್ನು ನೆನೆದರೆ ಈ ಕತ್ತಲ ನೆಲದ ವಿಸ್ತಾರ ಮನದಟ್ಟಾಗುತ್ತದೆ. ಟ್ರಕ್ಕು, ಟೆಂಪೋಗಳಲ್ಲಿ ಹಿಂಬದಿ ಗಾಜೇ ಉಪಯೋಗಕ್ಕೆ ಬಾರದು.

ಇದಕ್ಕೆ ವೇಗದ ಲೆಕ್ಕವನ್ನೂ ಸೇರಿಸಬೇಕು. ಗಂಟೆಗೆ ೫ ಕಿಲೋಮೀಟರ್, ಎಂದರೆ ಮನುಷ್ಯನ ನಡಿಗೆಯ ವೇಗದಲ್ಲಿ, ವಾಹನವು ಸೆಕೆಂಡಿಗೆ ಸುಮಾರು ೧.೪ ಮೀಟರ್ ಚಲಿಸುತ್ತದೆ. ಕೂಗು ಕೇಳಿ ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೂ ಅಷ್ಟರಲ್ಲಿ ೨ ಮೀಟರಿಗೂ ತುಸು ಹೆಚ್ಚು ನೆಲ ಸವೆದಿರುತ್ತದೆ. ವೇಗ ಇಮ್ಮಡಿಯಾದರೆ ಆ ದೂರ ೪ ಮೀಟರನ್ನು ದಾಟುತ್ತದೆ. ಆದಕಾರಣ ಹಿಂದೆ ಬರುವಾಗ ನಡಿಗೆಯ ವೇಗವೇ ಗರಿಷ್ಠ ಮಿತಿಯೆಂದು ತಿಳಿಯತಕ್ಕದ್ದು. ಅದಕ್ಕಿಂತಲೂ ನಿಧಾನವೇ ಲೇಸು.

೨೦೧೯ರ ಜುಲೈ ೧ರಿಂದೀಚೆಗೆ ತಯಾರಾಗುವ ಹೊಸ ಕಾರುಗಳಿಗೆ ಹಿಂಬದಿಯ ಅಡೆತಡೆಯನ್ನು ಸೂಚಿಸುವ ಸೆನ್ಸರು ಕಡ್ಡಾಯವಾಗಿದೆ. ಇದು ಸ್ವಾಗತಾರ್ಹವೇ ಸರಿ. ಆದರೆ ಈ ಸಾಧನವು ಶಬ್ದದ ಅಲೆಯನ್ನು ಹೊರಡಿಸಿ ಅದರ ಮರುಧ್ವನಿಯನ್ನು ಆಲಿಸುವಂತಹುದು. ಎದುರಿಗೆ ವಸ್ತುವಿದ್ದರೆ ಮಾತ್ರ ಮರುಧ್ವನಿ. ಹೊಲದಂಚಿನ ಕಟ್ಟೆಯಿಲ್ಲದ ಬಾವಿಯಾಗಲಿ, ರಸ್ತೆ ಬದಿಯ ತಗ್ಗಾಗಲಿ ಅದಕ್ಕೆ ತಿಳಿಯುವುದಿಲ್ಲ. ತೆಳುವಾದ ಕಂಬ, ಬಿಗಿದ ತಂತಿಗಳನ್ನು ಅದು ತಪ್ಪಿಸಬಹುದು. ಮಳೆಗಾಲದಲ್ಲಿ ಔರಾದ ಸೀಮೆಯ ಎರೆಮಣ್ಣು ಮೆತ್ತಿಕೊಂಡರಂತೂ ಸೆನ್ಸರೂ ಕುರುಡು, ಕ್ಯಾಮರಾವೂ ಕುರುಡು. ಯಂತ್ರದ ಕಣ್ಣು ಮನುಷ್ಯನ ಕಣ್ಣಿಗೆ ಸಹಾಯಕವೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಅಭ್ಯಾಸದ ಕ್ರಮ

ಮೊದಲನೆಯದಾಗಿ, ವಾಹನವನ್ನು ಏರುವ ಮುನ್ನ ಅದರ ಸುತ್ತಲೂ ಒಮ್ಮೆ ನಡೆದು ಬರಬೇಕು. ಬೇಸಿಗೆಯ ಬಿಸಿಲಿನಲ್ಲಿ ನಿಂತ ವಾಹನದ ನೆರಳು ನಾಯಿ, ಮೇಕೆಗಳಿಗೂ, ಕಣದಲ್ಲಿ ರಾಶಿಯ ಕೆಲಸಕ್ಕೆ ಬಂದ ತಾಯಂದಿರ ಹಸುಗೂಸುಗಳಿಗೂ ಆಶ್ರಯವಾಗುವುದುಂಟು. ಬಗ್ಗಿ ಅಡಿಭಾಗವನ್ನೂ ನೋಡತಕ್ಕದ್ದು. ಈ ಪ್ರದಕ್ಷಿಣೆಗೆ ಅರ್ಧ ನಿಮಿಷ ಸಾಕು. ನೋಡಿದ ಮೇಲೆ ತಡಮಾಡದೆ ಹೊರಡಬೇಕು. ನೋಡಿ ಹತ್ತು ನಿಮಿಷ ಮಾತಿಗೆ ನಿಂತರೆ ನೋಡಿದ್ದು ವ್ಯರ್ಥ.

ಎರಡನೆಯದಾಗಿ, ಆಸನವನ್ನು ಹೊಂದಿಸಿಕೊಂಡು ಮೂರು ಕನ್ನಡಿಗಳನ್ನೂ ಸರಿಪಡಿಸಿಕೊಳ್ಳಬೇಕು. ಪಕ್ಕದ ಉಬ್ಬುಗನ್ನಡಿಯಲ್ಲಿ ವಸ್ತುಗಳು ಇರುವುದಕ್ಕಿಂತ ಚಿಕ್ಕದಾಗಿಯೂ ದೂರವಾಗಿಯೂ ತೋರುತ್ತವೆ ಎಂಬುದು ನೆನಪಿರಲಿ. ರೇಡಿಯೋ, ಮೊಬೈಲುಗಳು ಮೌನವಾಗಿರಲಿ. ಕಿಟಕಿಯ ಗಾಜು ಇಳಿದಿರಲಿ. ಹೊರಗಿನ ಕೂಗು ಕಿವಿಗೆ ಬೀಳುವುದು ಅತ್ಯಾವಶ್ಯಕ.

ಮೂರನೆಯದಾಗಿ, ಕ್ಲಚ್ಚನ್ನು ಪೂರ್ತಿ ಒತ್ತಿ ಹಿಂಬದಿ ಗೇರನ್ನು ಹಾಕಬೇಕು. ಕೆಲವು ಕಾರುಗಳಲ್ಲಿ ಗೇರಿನ ದಂಡದ ಉಂಗುರವನ್ನು ಮೇಲಕ್ಕೆತ್ತಬೇಕು, ಕೆಲವುಗಳಲ್ಲಿ ದಂಡವನ್ನೇ ಕೆಳಕ್ಕೊತ್ತಬೇಕು. ಅರಿಯದೆ ಹಿಂಬದಿ ಗೇರು ಬೀಳದಂತೆ ಮಾಡಿದ ಏರ್ಪಾಡಿದು. ಗೇರು ಬಿದ್ದೊಡನೆ ಹಿಂಬದಿಯ ಬಿಳಿ ದೀಪ ಹೊತ್ತಿ ಇತರರಿಗೆ ಸೂಚನೆ ಕೊಡುತ್ತದೆ.

ನಾಲ್ಕನೆಯದಾಗಿ, ಎಡಭುಜದ ಮೇಲಿಂದ ದೇಹವನ್ನೇ ತಿರುಗಿಸಿ ಹಿಂಬದಿ ಗಾಜಿನ ಮೂಲಕ ನೇರವಾಗಿ ನೋಡಬೇಕು. ನೇರವಾಗಿ ಹಿಂದೆ ಬರುವಾಗ ಬಲಗೈ ಸ್ಟಿಯರಿಂಗಿನ ಮೇಲ್ತುದಿಯಲ್ಲಿರಲಿ, ಎಡಗೈ ಪಕ್ಕದ ಆಸನದ ಬೆನ್ನಿನ ಮೇಲಿರಲಿ. ಕನ್ನಡಿಗಳು ಅಂಚುಗಳನ್ನು ಅಳೆಯಲು. ದಾರಿಯನ್ನು ಕಾಣಲು ಕಣ್ಣೇ ಬೇಕು. ಆಗಾಗ ಮುಂದಿನ ಎರಡು ಮೂಲೆಗಳ ಕಡೆಗೂ ದೃಷ್ಟಿ ಹಾಯಿಸಬೇಕು.

ಐದನೆಯದಾಗಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಎಂಜಿನ್ನು ಹಿಡಿತಕ್ಕೆ ಬರುವ ಬಿಂದುವನ್ನು ಕಂಡುಕೊಂಡು ಅಲ್ಲಿಯೇ ಕಾಲನ್ನು ತಡೆದಿಡಬೇಕು. ಸಮತಟ್ಟಾದ ನೆಲದಲ್ಲಿ ವೇಗವರ್ಧಕವನ್ನು ಒತ್ತುವ ಅವಶ್ಯಕತೆಯೇ ಬಹುತೇಕ ಇರುವುದಿಲ್ಲ. ಬಲಗಾಲು ಬ್ರೇಕಿನ ಮೇಲೆ ಸಿದ್ಧವಾಗಿರಲಿ. ಸಂದೇಹ ಬಂದೊಡನೆ ನಿಲ್ಲಬೇಕು. ಬೇಕೆನಿಸಿದರೆ ಇಳಿದು ನೋಡಬೇಕು. ಇಳಿದು ನೋಡುವುದರಿಂದ ಯಾವ ಚಾಲಕನ ಗೌರವವೂ ಕುಂದುವುದಿಲ್ಲ.

ಅಭ್ಯಾಸಕ್ಕೆ ಊರ ಹೊರಗಿನ ಖಾಲಿ ಮೈದಾನ ಯೋಗ್ಯವಾದುದು. ಸುಣ್ಣದಿಂದ ೨೦ ಮೀಟರ್ ಉದ್ದದ ಗೆರೆಯೆಳೆದು, ಅದಕ್ಕೆ ಸಮಾನಾಂತರವಾಗಿ ನೇರ ಹಿಂದೆ ಬರುವುದನ್ನು ಮೊದಲು ಸಾಧಿಸಬೇಕು. ವಾಹನ ಓರೆಯಾದರೆ ಸ್ಟಿಯರಿಂಗನ್ನು ಎರಡು ಬೆರಳಷ್ಟು ಮಾತ್ರ ತಿರುಗಿಸಿ, ಸರಿಯಾಗತೊಡಗಿದೊಡನೆ ಮರಳಿಸಬೇಕು. ಹೆಚ್ಚು ತಿರುಗಿಸಿ ಮತ್ತೆ ಅದಕ್ಕಿಂತ ಹೆಚ್ಚು ಮರಳಿಸುವವನ ಕಾರು ಹಾವಿನಂತೆ ಹರಿದಾಡುತ್ತದೆ. ಅನಂತರ ನಾಲ್ಕು ಬಿದಿರ ಗಳುಗಳನ್ನು ನೆಟ್ಟು, ಮನೆಯ ಗೇಟಿನಂತಹ ಅವಕಾಶದೊಳಗೆ ಎಡಕ್ಕೆ ತಿರುಗಿ ಹಿಂದಕ್ಕೆ ಹೋಗುವುದನ್ನು ಕಲಿಯಬೇಕು. ಹಿಂದಿನ ಚಕ್ರವು ಗೇಟಿನ ಮೂಲೆಯ ಸಮಕ್ಕೆ ಬಂದಾಗ ತಿರುವನ್ನು ಆರಂಭಿಸಿ, ವಾಹನವು ಗೇಟಿಗೆ ನೇರವಾದೊಡನೆ ಚಕ್ರಗಳನ್ನು ನೇರಗೊಳಿಸುವುದು ಇದರ ಸೂತ್ರ. ಕಡೆಯದಾಗಿ ಇಕ್ಕಟ್ಟಾದ ರಸ್ತೆಯಲ್ಲಿ ಮುಖ ತಿರುಗಿಸುವುದು: ಎಡ ಅಂಚಿನಿಂದ ಪೂರ್ತಿ ಬಲಕ್ಕೆ ತಿರುಗಿಸಿ ಮುಂದೆ, ಪೂರ್ತಿ ಎಡಕ್ಕೆ ತಿರುಗಿಸಿ ಹಿಂದೆ, ಮತ್ತೆ ಬಲಕ್ಕೆ ತಿರುಗಿಸಿ ಮುಂದೆ.

ದಾರಿ ತೋರುವವನ ಮಾತು

ಸರ್ಕಾರಿ ಬಸ್ಸು ನಿಲ್ದಾಣದಲ್ಲಿ ಹಿಂದೆ ಸರಿಯುವಾಗ ಕಂಡಕ್ಟರನು ಕೆಳಗಿಳಿದು ಸೀಟಿ ಊದುತ್ತ ದಾರಿ ತೋರುವುದನ್ನು ಎಲ್ಲರೂ ಬಲ್ಲರು. ಈ ಸತ್ಸಂಪ್ರದಾಯವನ್ನು ಖಾಸಗಿ ವಾಹನದವರೂ ಪಾಲಿಸುವುದು ಉಚಿತ. ಆದರೆ ಗಡಿನಾಡಿನಲ್ಲಿ ಇದಕ್ಕೊಂದು ತೊಡಕುಂಟು. ಇಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಬಾಳುತ್ತವೆ. ಒಬ್ಬನು ‘ಬರಲಿ, ಬರಲಿ’ ಎನ್ನುತ್ತಾನೆ, ಇನ್ನೊಬ್ಬನು ‘ಆನೆ ದೋ’ ಎನ್ನುತ್ತಾನೆ, ಮತ್ತೊಬ್ಬನು ‘ಯೇಊ ದ್ಯಾ’ ಎನ್ನುತ್ತಾನೆ. ಮೂವರೂ ಒಟ್ಟಿಗೆ ಕೂಗಿದರೆ ಚಾಲಕನು ಯಾರ ಮಾತನ್ನೂ ಕೇಳಿದಂತಾಗುವುದಿಲ್ಲ. ‘ರೈಟ್’ ಎಂಬ ಶಬ್ದವಂತೂ ಇನ್ನೂ ಅಪಾಯಕಾರಿ. ಬಸ್ಸಿನ ಭಾಷೆಯಲ್ಲಿ ಅದಕ್ಕೆ ‘ಹೊರಡಲಿ’ ಎಂಬ ಅರ್ಥ. ಶಾಲೆಯ ಇಂಗ್ಲಿಷಿನಲ್ಲಿ ಬಲಗಡೆ ಎಂಬ ಅರ್ಥ. ಇನ್ನು ‘ಬಲಕ್ಕೆ’ ಎಂದರೂ ಅದು ಕಾರಿನ ಬಲವೋ, ಎದುರು ನಿಂತವನ ಬಲವೋ ಎಂಬ ಸಂದೇಹ ಉಳಿದೇ ಉಳಿಯುತ್ತದೆ.

ಆದ್ದರಿಂದ ದಾರಿ ತೋರುವವನು ಒಬ್ಬನೇ ಇರಬೇಕು. ಸಂಕೇತಗಳನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಬಾಲ ಹೋಗಬೇಕಾದ ಕಡೆಗೆ ಕೈಚಾಚಿ ತೋರಿಸುವುದು ಯಾವ ಭಾಷೆಯ ಮಾತಿಗಿಂತಲೂ ಸ್ಪಷ್ಟ. ಎತ್ತಿದ ಅಂಗೈಗೆ ‘ನಿಲ್ಲು’ ಎಂಬ ಒಂದೇ ಅರ್ಥವಿರಲಿ. ಆ ಸಂಕೇತವನ್ನು ಯಾರೇ ಕೊಟ್ಟರೂ, ಮಗುವೇ ಕೊಟ್ಟರೂ, ವಾಹನ ನಿಲ್ಲಬೇಕು. ದಾರಿ ತೋರುವವನು ವಾಹನಕ್ಕೂ ಗೋಡೆಗೂ ನಡುವೆ ಎಂದಿಗೂ ನಿಲ್ಲಬಾರದು. ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಬದಿಗೆ ನಿಲ್ಲಬೇಕು. ಅವನು ಕನ್ನಡಿಯಿಂದ ಮರೆಯಾದೊಡನೆ ಚಾಲಕನು ಬ್ರೇಕು ಹಾಕತಕ್ಕದ್ದು. ಮತ್ತು ಯಾರು ಎಷ್ಟೇ ದಾರಿ ತೋರಿದರೂ ಹೊಣೆಯು ಚಾಲಕನದೇ ಆಗಿರುತ್ತದೆ.

ಟ್ರ್ಯಾಕ್ಟರಿನ ವಿಶೇಷ

ಈ ಸೀಮೆಯ ಎಷ್ಟೋ ತರುಣರು ಕಾರಿಗಿಂತ ಮೊದಲು ಟ್ರ್ಯಾಕ್ಟರನ್ನು ಹಿಡಿಯುತ್ತಾರೆ. ಕಬ್ಬು, ಸೋಯಾ, ತೊಗರಿಗಳನ್ನು ಹೇರಿದ ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಕಾರಿನ ಸೂತ್ರವು ತಲೆಕೆಳಗಾಗುತ್ತದೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಕೀಲು ಇರುವುದರಿಂದ, ಟ್ರ್ಯಾಕ್ಟರಿನ ಬಾಲ ಬಲಕ್ಕೆ ಸರಿದರೆ ಎರಡು ಚಕ್ರದ ಟ್ರೇಲರಿನ ಬಾಲ ಎಡಕ್ಕೆ ಹೊರಳುತ್ತದೆ. ಎಂದರೆ ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಿ, ಕೋನ ಏರ್ಪಟ್ಟೊಡನೆ ಎಡಕ್ಕೆ ಮರಳಿಸಿ ಅದನ್ನು ಹಿಂಬಾಲಿಸಬೇಕು. ಮರಳಿಸಲು ತಡವಾದರೆ ಎರಡೂ ಮಡಿಸಿದ ಚಾಕುವಿನಂತೆ ಕೂಡಿಕೊಳ್ಳುತ್ತವೆ. ಆಗ ಬಲಪ್ರಯೋಗ ಮಾಡದೆ ಮುಂದಕ್ಕೆ ನಡೆಸಿ ನೇರಗೊಳಿಸಿ ಮತ್ತೆ ಆರಂಭಿಸುವುದೇ ಕ್ರಮ. ಹೊಲದಲ್ಲಿ ಹಿಂದೆ ಸರಿಯುವ ಮುನ್ನ ಬಾವಿಯ ಅಂಚನ್ನು ಕಲ್ಲಿಟ್ಟು ಗುರುತಿಸಿಕೊಳ್ಳಬೇಕು. ಮಳೆಯಲ್ಲಿ ನೆನೆದ ಎರೆನೆಲದ ಅಂಚು ಭಾರ ಬಿದ್ದೊಡನೆ ಕುಸಿಯುತ್ತದೆಯಾದ್ದರಿಂದ ಅಂಚಿನಿಂದ ಸಾಕಷ್ಟು ದೂರವಿರುವುದು ಪ್ರಾಣರಕ್ಷಕ.

ಕಾನೂನಿನ ಮಾತು

೧೯೮೮ರ ಮೋಟಾರು ವಾಹನ ಅಧಿನಿಯಮವು ೧೯೮೯ರ ಜುಲೈ ೧ರಂದು ಜಾರಿಗೆ ಬಂದಿತು. ಅದರ ಪ್ರಕಾರ ೧೮ ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಕಾರನ್ನು ನಡೆಸುವಂತಿಲ್ಲ. ಕಲಿಯುವವರ ಲೈಸೆನ್ಸು ೬ ತಿಂಗಳ ಅವಧಿಯದು. ಅದನ್ನು ಪಡೆದು ಕನಿಷ್ಠ ೩೦ ದಿನಗಳಾದ ಮೇಲೆಯೇ ಪರೀಕ್ಷೆಗೆ ಹಾಜರಾಗಬಹುದು. ಈ ಅವಧಿಯಲ್ಲಿ ಲೈಸೆನ್ಸುಳ್ಳ ಶಿಕ್ಷಕನು ವಾಹನವನ್ನು ತಡೆಯಲು ಅನುಕೂಲವಾಗುವಂತೆ ಜೊತೆಯಲ್ಲಿ ಕುಳಿತಿರಬೇಕು. ವಾಹನದ ಹಿಂದೆ ಮುಂದೆ, ೧೮ ಸೆಂಟಿಮೀಟರ್ ಚೌಕಕ್ಕೆ ಕಡಿಮೆಯಿಲ್ಲದ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು. ಕೆಎ ೩೮ ಗುರುತಿನ ಬೀದರ ಕಚೇರಿಯಿರಲಿ, ಕೆಎ ೩೯ ಗುರುತಿನ ಭಾಲ್ಕಿ ಕಚೇರಿಯಿರಲಿ, ನಿಯಮ ಒಂದೇ. ಹಿಂದಕ್ಕೆ ಚಲಿಸುತ್ತ ಬಲಕ್ಕೋ ಎಡಕ್ಕೋ ಇರುವ ಸೀಮಿತ ಅವಕಾಶದೊಳಗೆ ಹತೋಟಿಯಿಂದ ಪ್ರವೇಶಿಸುವುದು ಹಾಗೂ ಗೇರುಗಳ ಸಹಾಯದಿಂದ ವಾಹನದ ಮುಖವನ್ನು ವಿರುದ್ಧ ದಿಕ್ಕಿಗೆ ತಿರುಗಿಸುವುದು, ಇವೆರಡೂ ೧೯೮೯ರ ಕೇಂದ್ರ ನಿಯಮಗಳು ವಿಧಿಸಿದ ಪರೀಕ್ಷೆಯ ಅಂಗಗಳಾಗಿವೆ. ೨೦೧೯ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ೩ ವರ್ಷಗಳವರೆಗೆ ಸೆರೆಮನೆ ವಾಸ ಮತ್ತು ೨೫,೦೦೦ ರೂಪಾಯಿ ದಂಡ ವಿಧಿಸಲು ಅವಕಾಶವುಂಟು. ಮಗನು ಹದಿನಾಲ್ಕರಲ್ಲಿಯೇ ಕಾರು ಹಿಂದೆ ತೆಗೆಯುತ್ತಾನೆಂದು ಹೆಮ್ಮೆಪಡುವ ತಂದೆಯು ಇದನ್ನು ಗಮನಿಸತಕ್ಕದ್ದು.

ಶಾಲೆಯ ಅಂಗಳದಲ್ಲಿ

ಈ ವಿಷಯವು ವಿದ್ಯಾಸಂಸ್ಥೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ವಾಹನಗಳು ಹಿಂದೆ ಸರಿಯುವ ಸ್ಥಳವೂ ಸಣ್ಣ ಮಕ್ಕಳು ಗುಂಪಾಗಿ ಓಡಾಡುವ ಸ್ಥಳವೂ ಒಂದೇ ಆಗಿರುವುದು ಶಾಲೆಯ ಅಂಗಳದಲ್ಲಿ. ಗಂಟೆ ಬಾರಿಸಿದ ಹೊತ್ತಿಗೆ ಹೊರಡುವ ವ್ಯಾನು, ಉತ್ಸವದ ದಿನ ಅತಿಥಿಗಳನ್ನು ತಂದ ಕಾರು, ಪೀಠೋಪಕರಣ ತಂದ ಟೆಂಪೋ, ಇವೆಲ್ಲವುಗಳ ಹಿಂದೆ ಮೇಲೆ ಹೇಳಿದ ಕಾಣದ ನೆಲವಿದ್ದೇ ಇರುತ್ತದೆ. ಹಿಂದೆ ಬರುವಾಗ ಹಾಡು ನುಡಿಸುವ ವಾಹನವು ಮಕ್ಕಳನ್ನು ದೂರವಿರಿಸುವ ಬದಲು ಕುತೂಹಲದಿಂದ ಹತ್ತಿರಕ್ಕೆ ಸೆಳೆಯಲೂಬಹುದು.

ಪರಿಹಾರಗಳು ವೆಚ್ಚದವಲ್ಲ. ಬೆಳಿಗ್ಗೆ ಮಕ್ಕಳು ಇಳಿದು ತರಗತಿಗೆ ಹೋದ ಮೇಲೆ, ಖಾಲಿ ಅಂಗಳದಲ್ಲಿ ವಾಹನವನ್ನು ಹಿಂದಕ್ಕೆ ತಿರುಗಿಸಿ ಮೂತಿಯು ಗೇಟಿನ ಕಡೆಗಿರುವಂತೆ ನಿಲ್ಲಿಸಬೇಕು. ಸಂಜೆ ಮಕ್ಕಳು ತುಂಬಿರುವಾಗ ಅದು ಮುಂದಕ್ಕೆ ಹೊರಟರೆ ಸಾಕು. ಚಾಲಕನಿಗೆ ಎಲ್ಲವೂ ಕಣ್ಣೆದುರಿಗಿರುತ್ತದೆ. ಶಾಲೆ ಬಿಡುವ ಗಂಟೆಯ ಆಚೀಚೆ ಹತ್ತು ನಿಮಿಷ ಯಾವ ವಾಹನವೂ ಹಿಂದೆ ಸರಿಯಬಾರದೆಂಬ ನಿಯಮವಿರಲಿ. ಆ ನಿಯಮ ಅಧ್ಯಕ್ಷರ ಕಾರಿಗೂ ಅನ್ವಯಿಸಲಿ. ವಾಹನಗಳಿಗೊಂದು, ಕಾಲ್ನಡಿಗೆಯವರಿಗೊಂದು ಪ್ರತ್ಯೇಕ ದ್ವಾರವಿದ್ದರೆ ಇನ್ನೂ ಉತ್ತಮ. ಸಂಸ್ಥೆಗೆ ವಾಹನವನ್ನು ದಾನ ನೀಡುವ ಉದಾರಿಗಳು ಅದು ನಿಲ್ಲುವ ಪ್ರತ್ಯೇಕ ಅಂಗಳಕ್ಕೊಂದು ತಂತಿ ಬೇಲಿಯನ್ನೂ ಹಾಕಿಸಿಕೊಟ್ಟರೆ ಆ ದಾನವು ಪರಿಪೂರ್ಣವಾಗುತ್ತದೆ.

ಶಿಕ್ಷಕರು ವರ್ಷಕ್ಕೊಮ್ಮೆ ಮಾಡಿಸಬಹುದಾದ ಒಂದು ಸರಳ ಪ್ರಯೋಗವುಂಟು. ನಿಂತಿರುವ ವಾಹನದ ಕೀಲಿಯನ್ನು ತೆಗೆದು, ಕೈಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬ ವಿದ್ಯಾರ್ಥಿಯನ್ನು ಚಾಲಕನ ಆಸನದಲ್ಲಿ ಕುಳ್ಳಿರಿಸಬೇಕು. ಉಳಿದವರನ್ನು ವಾಹನದ ಹಿಂದೆ ಒಬ್ಬೊಬ್ಬರನ್ನಾಗಿ ಕುಳ್ಳಿರಿಸುತ್ತ ಹೋಗಬೇಕು. ‘ಎಷ್ಟು ಜನ ಕಾಣುತ್ತಾರೆ?’ ಎಂದು ಕೇಳಿದಾಗ ಆ ಬಾಲಕನು ‘ಯಾರೂ ಇಲ್ಲ’ ಎನ್ನುತ್ತಾನೆ. ಇಳಿದು ಬಂದು ಇಡೀ ತರಗತಿಯೇ ಅಲ್ಲಿ ಕುಳಿತಿರುವುದನ್ನು ಕಂಡವನು ಮುಂದೆ ತಾನೇ ಚಾಲಕನಾದಾಗ ವಾಹನದ ಹಿಂದೆ ಹೋಗಿ ನೋಡದೆ ಗೇರು ಹಾಕಲಾರನು. ಅಂದು ಅಲ್ಲಿ ಕುಳಿತಿದ್ದವರು ನಿಂತ ವಾಹನದ ಹಿಂದೆ ಆಡಲು ಹೋಗಲಾರರು. ಸುಣ್ಣದ ಗೆರೆಯೊಂದನ್ನು ಎಳೆದು, ಕಾಣದ ನೆಲ ಎಲ್ಲಿಯವರೆಗೆ ಚಾಚಿದೆಯೆಂದು ಮಕ್ಕಳಿಂದಲೇ ಅಳೆಯಿಸಿ, ಆ ಅಳತೆಯನ್ನು ಗೇಟಿನ ಬಳಿಯ ಫಲಕದ ಮೇಲೆ ಬರೆಯಿಸುವುದು ಒಳಿತು.